ತಲೆ ಇಲ್ಲ, ಮೈ ಅಳತೆಗೆ ಕೊಡಿ

ಅಳತೆ ಬ್ಲೌಸ್ ಎನ್ನುವುದು ನಮ್ಮ ಹೆಂಗಸರ ಜಾತಕವಿದ್ದ ಹಾಗೆ. ಒಮ್ಮೆ ಬರೆಸಿದ್ದು, ಆಮೇಲೆ ಗ್ರಹಗತಿ ಏನೇ ಆದರೂ ಅದನ್ನೇ ತೋರಿಸುತ್ತೇವೆ. ನನ್ನದು ಮೆರೂನ್ ಬಣ್ಣದ್ದು, ಮದುವೆಯ ಮರುವರ್ಷ ಹೊಲಿಸಿದ್ದು. ಪಕ್ಕದ ಹೊಲಿಗೆ ಬಿಚ್ಚಿ ಬಿಚ್ಚಿ ಒಳಗಿನ ಮಾರ್ಜಿನ್ನೆಲ್ಲ ಎಂದೋ ಮುಗಿದಿದೆ. "ಇದೇ ಅಳತೆಗಾ ಮೇಡಂ?" ಎಂದು ಟೈಲರ್ ಕೇಳುತ್ತಾರೆ. "ಇದೇ, ಸ್ವಲ್ಪ ಲೂಸ್ ಇಡಿ" ಎನ್ನುತ್ತೇನೆ. ಆ ಸ್ವಲ್ಪ ಎಂದರೆ ಎಷ್ಟು ಎಂದು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಹೋದ ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆಂದು ಕೊಟ್ಟ ಬ್ಲೌಸು ಗಣಪತಿ ಬಿಟ್ಟ ಮೇಲೆ ಬಂತು. ತೋಳಿನೊಳಗೆ ಕೈ ಹೋಯಿತು, ಮಿಕ್ಕಿದ್ದು ಹೊರಗೇ ಉಳಿಯಿತು.

ಇನ್ನು ನನ್ನ ಬ್ಲೌಸ್ ನಾನೇ ಹೊಲಿದುಕೊಳ್ಳುತ್ತೇನೆ ಎಂದು ಈ ಆಷಾಢದಲ್ಲಿ ಘೋಷಿಸಿದೆ. ಹೊಲಿಯಲು ಮಿಷನ್ ಇದೆ, ಅತ್ತೆಯದು. ತೊಡಿಸಿ ನೋಡಲು ಗೊಂಬೆ ಬೇಕು. ಪ್ಯಾರಿಸ್ಸಿನ ಸ್ಟಾಕ್‌ಮನ್ ಕಂಪನಿ 1867ರಿಂದ ಅಂಥ ಗೊಂಬೆಗಳನ್ನು ಮಾಡುತ್ತಿದೆ, ನಮ್ಮಲ್ಲೂ ಸಿಗುತ್ತವೆ. ಆದರೆ ಅಂಗಡಿ ಗೊಂಬೆಗೆ ಎರಡು ಭುಜವೂ ಒಂದೇ ಸಮ, ಹೊಟ್ಟೆಯೇ ಇಲ್ಲ. ಅಷ್ಟಾದರೂ ಅದಕ್ಕೂ ಬಟ್ಟೆ ಸರಿಯಾಗಿ ಕೂರುವುದಿಲ್ಲ. ನಮ್ಮ ಮೈಸೂರಿನ ಅರಸು ರಸ್ತೆಯ ಅಂಗಡಿಗಳ ಗಾಜಿನೊಳಗೆ ನಿಂತಿರುವವರನ್ನು ಹಿಂದಿನಿಂದ ನೋಡಿ, ಬೆನ್ನಿಗೆಲ್ಲ ಕ್ಲಿಪ್ಪು.

ಹಾಗಾಗಿ ಮನೆಯಲ್ಲೇ ಮಾಡಿದೆವು. ಹಳೆಯ ಬಿಗಿ ಟೀ ಶರ್ಟ್ ಹಾಕಿಕೊಂಡು ನಾನು ನಿಂತೆ, ಮಗಳು ಡಕ್ಟ್ ಟೇಪನ್ನು ಪದರದ ಮೇಲೆ ಪದರ ಸುತ್ತಿದಳು, ಬೆನ್ನಿನ ಮಧ್ಯೆ ಕತ್ತರಿಯಾಡಿಸಿ ನನ್ನನ್ನು ಬಿಡಿಸಿದಳು, ಸೀಳನ್ನು ಮತ್ತೆ ಟೇಪಿನಿಂದ ಮುಚ್ಚಿ ಒಳಗೆ ಹಳೆ ಹಾಸಿಗೆಯ ಬೂರುಗದ ಹತ್ತಿ ತುಂಬಿದೆವು. ಕೆಟ್ಟುಹೋದ ಪೆಡೆಸ್ಟಲ್ ಫ್ಯಾನಿನ ಕೊಳವೆಗೆ ಸಿಕ್ಕಿಸಿದೆವು. ಎತ್ತರ ಹೆಚ್ಚುಕಡಿಮೆ ಮಾಡುವ ತಿರುಪು ಅದರಲ್ಲೇ ಇದೆ.

ಬೆಳ್ಳಿ ಬಣ್ಣದ, ತಲೆಯಿಲ್ಲದ, ಕೈಯಿಲ್ಲದ ನಾನು ನಡುಮನೆಯಲ್ಲಿ ನಿಂತೆ. ರಾತ್ರಿ ನೀರಿಗೆಂದು ಎದ್ದ ಅತ್ತೆ ಚೀರಿದ್ದು ಶಿವರಾಂಪೇಟೆಯವರೆಗೆ ಕೇಳಿಸಿರಬೇಕು. "ಗೊಂಬೆ ಕೂರಿಸೋದು ನವರಾತ್ರೀಲಿ ಕಣೇ, ಆಷಾಢದಲ್ಲಲ್ಲ. ಮೊದಲು ಅದರ ಮೈಮೇಲೆ ಏನಾದ್ರೂ ಹಾಕು" ಎಂದರು. ಹಾಕಲೇಬೇಕಿತ್ತು. ಟೇಪಿಗೆ ಗುಂಡುಪಿನ್ನು ಚುಚ್ಚಿದರೆ ತುದಿಗೆ ಗೋಂದು ಮೆತ್ತುತ್ತದೆ, ಆ ಪಿನ್ನು ಮತ್ತೆ ರೇಷ್ಮೆಯೊಳಕ್ಕೆ ಇಳಿಯುವುದಿಲ್ಲ. ಮೇಲೆ ಹೊದಿಸಿದ ಬಟ್ಟೆಯೂ ಜಾರುತ್ತದೆ. ಮೈಗೆ ಕಚ್ಚಿ ಕೂರುವ ಹತ್ತಿಬಟ್ಟೆಯ ಗವಸು ಬೇಕು.

ಗವಸಿಗೆ ಕೋರಾ ಬಟ್ಟೆಯಾಗಬೇಕು. ಎಳೆ ಕಣ್ಣಿಗೆ ಕಾಣುತ್ತದೆ, ಎಳೆದರೆ ಹಿಗ್ಗುವುದಿಲ್ಲ, ಅಗ್ಗ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಂಡು ಚಿಕ್ಕ ಗಡಿಯಾರದ ಕಡೆಯಿಂದ ಒಂದು ಗಲ್ಲಿಗೆ ಹೊಕ್ಕೆ. ಹಳೆಯ ಬಟ್ಟೆ ಅಂಗಡಿ, ಗಲ್ಲೆಯಲ್ಲಿ ವಿಭೂತಿಯ ಹಿರಿಯರೊಬ್ಬರು. ಗುರುತಿನವರೇ, ಲಂಗದ ಬಟ್ಟೆಗೆ ಹೋದಾಗಲೆಲ್ಲ "ಬನ್ನಿ ಬನ್ನಿ" ಎಂದು ಹಲ್ಲು ಬಿಡುವವರು.

"ಕೋರಾ ಬಟ್ಟೆ ಬೇಕಿತ್ತು" ಎಂದೆ.

ಅವರ ಮುಖ ಇಳಿಯಿತು. "ಗಂಡಸರಿಗೋ, ಹೆಂಗಸರಿಗೋ?"

ಬಟ್ಟೆ ಅಂಗಡಿಯಲ್ಲಿ ಇದು ಕೇಳಬಾರದ ಪ್ರಶ್ನೆಯೇನಲ್ಲ. "ಹೆಂಗಸು" ಎಂದೆ.

"ಅಯ್ಯೋ. ವಯಸ್ಸು?"

ವಯಸ್ಸಿಗೂ ಬಟ್ಟೆಗೂ ಏನು ಸಂಬಂಧ ಅನ್ನಿಸಿದರೂ, ಮೈಕಟ್ಟು ತಿಳಿಯಲು ಕೇಳುತ್ತಿದ್ದಾರೆ ಎಂದುಕೊಂಡು "ಐವತ್ತು ದಾಟಿದೆ, ದಪ್ಪ ಮೈ. ಪೂರ್ತಿ ಮುಚ್ಚಬೇಕು" ಎಂದೆ.

"ಮುಚ್ಚಲೇಬೇಕಲ್ಲ ತಾಯಿ" ಎಂದು ಥಾನು ಇಳಿಸಿದರು. "ತಲೆಯಿಂದ ಪಾದದವರೆಗೆ ಹಿಡೀಲಾ?"

"ಬೇಡ, ತಲೆ ಇಲ್ಲ."

ಗಜಕಡ್ಡಿ ಹಿಡಿದ ಕೈ ಅಲ್ಲೇ ನಿಂತಿತು. "ತಲೆ... ಇಲ್ವಾ?"

"ಇಲ್ಲ, ಕತ್ತಿನಿಂದ ಸೀಟಿನವರೆಗೆ ಸಾಕು. ಕೈಕಾಲೂ ಇಲ್ಲ."

"ಶಿವಾ! ಆಕ್ಸಿಡೆಂಟಾ?"

ಈಗಲಾದರೂ ನನಗೆ ಹೊಳೆಯಬೇಕಿತ್ತಲ್ಲವೇ? ಗೋಂದಿನ ಪಿನ್ನುಗಳ ಚಿಂತೆಯಲ್ಲಿದ್ದ ನನಗೆ 'ಆಕ್ಸಿಡೆಂಟಾ' ಎಂದದ್ದು 'ಅರ್ಜೆಂಟಾ' ಎಂದು ಕೇಳಿಸಿತು. "ಹಾಗೇನಿಲ್ಲ, ನಿಧಾನಕ್ಕೇ ಮಾಡ್ತೀವಿ. ಟೇಪ್ ಸುತ್ತಿಟ್ಟಿದೀವಿ. ನಿನ್ನೆಯಿಂದ ನಡುಮನೇಲೇ ನಿಂತಿದೆ."

"ನಿಂತಿದೆ?"

"ಹೂಂ, ಫ್ಯಾನ್ ಸ್ಟ್ಯಾಂಡಿಗೆ ಸಿಕ್ಕಿಸಿದೀವಿ. ಬಟ್ಟೇನ ಇವತ್ತು ರಾತ್ರಿ ನೆನೆಸಿ, ನಾಳೆ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹಾಕೋದು. ಗಂಜಿ ಹೋಗದಿದ್ರೆ ಆಮೇಲೆ ಕುಗ್ಗುತ್ತಲ್ವಾ?"

"ಅಷ್ಟು ಹೊತ್ತು ಮನೇಲಿ ಇಡಬಾರದು ತಾಯಿ" ಎಂದರು, ಮೆಲ್ಲಗೆ. ಪಕ್ಕದಲ್ಲಿ ಟವೆಲ್ ನೋಡುತ್ತಿದ್ದ ದಂಪತಿ ಟವೆಲ್ ಬಿಟ್ಟು ಹೊರಟುಹೋದರು. "ನಿಮಗೆ ಏನಾಗಬೇಕು ಅವರು?"

"ನಾನೇ" ಎಂದೆ. "ನನ್ನದೇ ಮೈ."

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ದುಃಖದಲ್ಲಿ ಬುದ್ಧಿ ಕದಡಿದ ಹೆಂಗಸಿನ ಜೊತೆ ವಾದ ಮಾಡಬಾರದು ಎಂದು ತೀರ್ಮಾನಿಸಿದಂತೆ ಬಟ್ಟೆ ಹರಿದರು. ಚೌಕಾಸಿ ಮಾಡಲು ಬಾಯಿ ತೆರೆಯುವ ಮೊದಲೇ ಐವತ್ತು ರೂಪಾಯಿ ಬಿಟ್ಟರು. ಹಳೆಯ ಪತ್ರಿಕೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಕೊಟ್ಟರು. "ಬರ್ತೀನಿ" ಎಂದೆ. ಅವರು "ಬನ್ನಿ" ಎನ್ನಲಿಲ್ಲ. ಗಾಬರಿಯಿಂದ "ಹಾಗನ್ನಬಾರದು, ಹೊರಡಿ" ಎಂದರು. ಬರ್ತೀನಿ ಎಂದು ಹೇಳಬಾರದ ಸಂದರ್ಭ ಯಾವುದೆಂದು ಅರಸು ರಸ್ತೆ ದಾಟುವಾಗ ತಲೆಗೆ ಹೋಯಿತು. ನಡುರಸ್ತೆಯಲ್ಲಿ ನಿಂತುಬಿಟ್ಟೆ. ಆಟೋದವನು ಬೈದ. ಹಿಂದೆ ಹೋಗಿ ವಿವರಿಸೋಣವೆಂದರೆ, ಸತ್ತವಳೇ ಎದ್ದು ಬಂದು "ಅದು ಗೊಂಬೆ ಕಣ್ರೀ" ಎಂದ ಹಾಗಾದೀತು. ಈಗ ಲಂಗದ ಬಟ್ಟೆಯನ್ನು ಅಶೋಕ ರಸ್ತೆಯಲ್ಲಿ ತರುತ್ತಿದ್ದೇನೆ.

ಹೊಲಿದದ್ದು ದೊಡ್ಡ ಕತೆಯಲ್ಲ. ನೇರ ಎಳೆಯನ್ನು ಗೊಂಬೆಯ ಎದೆಯ ಮಧ್ಯದ ಗೆರೆಗೆ ಹೊಂದಿಸಿ ಪಿನ್ನು ಚುಚ್ಚಿ, ಭುಜದಿಂದ ಎದೆಯ ಮೇಲೆ ಹಾದು ಸೊಂಟಕ್ಕಿಳಿಯುವ ಪ್ರಿನ್ಸೆಸ್ ಕಟ್ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು, ಅರ್ಧ ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿದೆ. ಡೊಂಕು ಬರುವಲ್ಲಿ ಮಾರ್ಜಿನ್ನಿಗೆ ಕಚ್ಚು ಹಾಕದಿದ್ದರೆ ಬಟ್ಟೆ ಸುಕ್ಕಾಗಿ ನಿಲ್ಲುತ್ತದೆ. ಎಡಕ್ಕೆ ಕತ್ತರಿಸಿದ್ದನ್ನೇ ತಿರುಗಿಸಿ ಬಲಕ್ಕೆ ಇಡಲು ಹೋದರೆ ಕೂರಲಿಲ್ಲ. ವ್ಯಾನಿಟಿ ಬ್ಯಾಗ್ ಹೊತ್ತ ಬಲಭುಜ ಬೆರಳಗಲ ಕೆಳಗಿದೆ. ಇಷ್ಟು ವರ್ಷ ನನ್ನ ಬ್ಲೌಸುಗಳೆಲ್ಲ ಯಾಕೆ ಬಲಕ್ಕೆ ಜಾರುತ್ತಿದ್ದವೆಂದು ಮೆರೂನ್ ಬ್ಲೌಸು ಒಂದು ದಿನವೂ ಹೇಳಿರಲಿಲ್ಲ. ಎಡಬಲ ಬೇರೆಬೇರೆಯಾಗಿ ಕತ್ತರಿಸಿದೆ.

ಹೊಲಿದ ಗವಸು ಕತ್ತಿನಿಂದ ಇಳಿದು ಎದೆಯ ಹತ್ತಿರ ನಿಂತಿತು. ಪೌಡರ್ ಬಳಿದೆವು. ಮಗಳು ಮೇಲಿನಿಂದ, ನಾನು ಕೆಳಗಿನಿಂದ ಎಳೆದೆವು. "ಬೆನ್ನು ಬಿಚ್ಚಿ ಮೈಮೇಲೇ ಹೊಲಿಯೇ, ಪಟ್ಟದ ಗೊಂಬೆಗೆ ಹಾಕಲ್ವಾ ಹಾಗೆ" ಎಂದರು ಅತ್ತೆ, ಜಪಮಣಿ ನಿಲ್ಲಿಸದೆ. ರಕ್ತಚಂದನದ ಆ ಗಂಡಹೆಂಡಿರಿಗೆ ವರ್ಷ ವರ್ಷವೂ ಪೇಟ ಸುತ್ತಿ, ಜರಿ ಸೀರೆಯ ನೆರಿಗೆ ಹಿಡಿದು, ಮೈಮೇಲೆಯೇ ಎರಡೆರಡು ಹೊಲಿಗೆ ಹಾಕುವುದು ಅವರೇ. ಬಿಂದಿಗೆಗೆ ಕೋಲು ಕಟ್ಟಿ ಒಂಬತ್ತು ಗಜದ ಸೀರೆ ಉಡಿಸಿ ಲಕ್ಷ್ಮಿಯನ್ನು ಕೂರಿಸುವುದೂ ಅವರೇ. ಮೈಸೂರಿನ ಮನೆಮನೆಯಲ್ಲೂ ಈ ವಿದ್ಯೆ ಇರುವಾಗ ನಾನು ಪ್ಯಾರಿಸ್ ಎನ್ನುತ್ತಿದ್ದೆ. ಬೆನ್ನು ಬಿಚ್ಚಿದೆ, ಅತ್ತೆ ಕೈಸೂಜಿಯಲ್ಲಿ ಮುಚ್ಚಿದರು. ಒಂದು ಸುಕ್ಕಿಲ್ಲ.

ಸುದ್ದಿ ಹಬ್ಬಿ ಬಂಧುಬಳಗ ಬಂತು. "ಹೇಗೂ ಗೊಂಬೆ ಇದೆಯಲ್ಲ, ನನಗೂ ಒಂದು ಹೊಲಿದುಕೊಡು" ಎಂದರು, ಆ ಗೊಂಬೆಯ ಮೈ ನನ್ನದೆಂದು ಲೆಕ್ಕಿಸದೆ. ಮೈಸೂರು ಸಿಲ್ಕ್ ಅಂಗಡಿಯಲ್ಲಿ ಸಾವಿರಗಟ್ಟಲೆ ಎಣಿಸುವಾಗ ತುಟಿ ಬಿಚ್ಚದ ಇವರೇ, ಅದೇ ಸೀರೆಗೆ ಫಾಲ್ಸ್ ಹಾಕಿ ಜಿಗ್‌ಜಾಗ್ ಮಾಡುವ ನಮ್ಮ ಗಲ್ಲಿಯ ಹೆಂಗಸಿನ ಹತ್ತಿರ ಇಪ್ಪತ್ತು ರೂಪಾಯಿಗೆ ಜಗ್ಗಾಡುತ್ತಾರೆ. ಶ್ರಾವಣದಲ್ಲಿ ಆಕೆಯ ಮಿಷನ್ ಸದ್ದು ನಡುರಾತ್ರಿ ದಾಟಿದ ಮೇಲೂ ಕೇಳುತ್ತದೆ. ಬೆಳಿಗ್ಗೆ ಆಕೆ ಸೂಜಿಗೆ ದಾರ ಪೋಣಿಸಲು ಶಾಲೆಗೆ ಹೊರಟ ಮಗನನ್ನು ಕೂಗುತ್ತಾಳೆ. ಇದನ್ನು ನೋಡಿಯೂ "ರೇಟ್ ಜಾಸ್ತಿ ಆಯ್ತು" ಎನ್ನುವವರ ಮುಂದೆ ನನಗೆ ತಮಾಷೆ ಬರುವುದಿಲ್ಲ.

ನಾನು ಈವರೆಗೆ ಹೊಲಿದದ್ದು ಒಂದು ಬ್ಲೌಸು, ಅದೂ ಗೊಂಬೆಯ ಮೈಮೇಲೆಯೇ ಇದೆ, ಕೊಕ್ಕೆ ಬಾಕಿ. ನಿಮ್ಮಲ್ಲಿ ಹಬ್ಬಕ್ಕೆ ಹೊಲಿಸುವವರಿದ್ದರೆ ಆಷಾಢ ಮುಗಿಯುವ ಮೊದಲೇ ಕೊಟ್ಟುಬಿಡಿ. ಹಳೆಯ ಬ್ಲೌಸನ್ನು ಕಳಿಸದೆ ನೀವೇ ಹೋಗಿ ನಿಂತು ಟೇಪು ಹಿಡಿಸಿಕೊಳ್ಳಿ, ಎರಡೂ ಭುಜಕ್ಕೆ. ಕೇಳಿದಷ್ಟು ಕೂಲಿ ಕೊಡಿ. ಕೋರಾ ಬಟ್ಟೆ ಕೊಳ್ಳುವುದಿದ್ದರೆ ಮಾತ್ರ, ಅದು ಗೊಂಬೆಗೆ ಎಂದು ಮೊದಲೇ ಹೇಳಿ.