ಪಂಖಾ ಏರಿಸುವ ಶಾಸ್ತ್ರ

ಛಾವಣಿಯ ಪಂಖಾ ಎಂದರೆ ಮಲಗಿದವರ ನೆತ್ತಿಯ ನೇರಕ್ಕೆ ರಾತ್ರಿಯಿಡೀ ತಿರುಗುವ, ನಾಲ್ಕೈದು ಕಿಲೋ ತೂಕದ, ಮೂರು ರೆಕ್ಕೆಯ ಯಂತ್ರ. ಅಷ್ಟೇ ತೂಕದ ಜೋಳದ ಹಿಟ್ಟಿನ ಡಬ್ಬಿಯನ್ನು ಹಗ್ಗ ಕಟ್ಟಿ ಹಾಸಿಗೆಯ ಮೇಲೆ ತೂಗಿಬಿಡುತ್ತೇನೆಂದರೆ ಮನೆಯವರು ಯಾರೂ ಒಪ್ಪುವುದಿಲ್ಲ. ಪಂಖಾಕ್ಕೆ ಎಲ್ಲರೂ ಒಪ್ಪುತ್ತಾರೆ, ಅದರ ಕೆಳಗೆ ಮಲಗಲು ಜಾಗದ ಜಗಳವನ್ನೂ ಆಡುತ್ತಾರೆ. ಸೋಲಾಪುರ, ಅಕ್ಕಲಕೋಟೆಗಳ ಏಪ್ರಿಲ್ ತಿಂಗಳು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ಭಾಗದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುವುದು ಸುದ್ದಿಯಲ್ಲ, ದಾಟದಿದ್ದರೆ ಸುದ್ದಿ. ಪಂಖಾ ಗಾಳಿಯನ್ನು ತಂಪು ಮಾಡುವುದಿಲ್ಲ. ಇದ್ದ ಗಾಳಿಯನ್ನೇ ಮೈಮೇಲೆ ಹಾಯಿಸಿ ಬೆವರನ್ನು ಬೇಗ ಆರಿಸುತ್ತದೆ. ಬೆವರು ಆರುವಾಗ ಮೈಯ ಕಾವನ್ನು ತಾನು ಒಯ್ಯುತ್ತದೆ. ಒಣಹವೆಯ ಸೋಲಾಪುರದಲ್ಲಿ ಬೆವರು ಆರುವುದಕ್ಕೆ ಅಡ್ಡಿಯಿಲ್ಲ, ಹಾಗಾಗಿ ಪಂಖಾಕ್ಕೆ ಇಲ್ಲಿ ಹೆಸರು ಬಂದಿದೆ. ಆದರೆ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಹನ್ನೊಂದರವರೆಗೂ ಕಾವು ಬಿಡುತ್ತಿರುತ್ತದೆ. ಆಗ ಪಂಖಾ ಆ ಝಳವನ್ನೇ ಪ್ರಾಮಾಣಿಕವಾಗಿ ಕೆಳಗಿಳಿಸುತ್ತದೆ. ಯಜಮಾನ ‘ಪಂಖಾ ಸರಿ ಇಲ್ಲ’ ಎನ್ನುತ್ತಾನೆ. ಸರಿ ಇಲ್ಲದ್ದು ಮಾಳಿಗೆ.

ಪಂಖಾ ಕೊಳ್ಳುವ ಕಾಲ ಸಾಮಾನ್ಯವಾಗಿ ಪಾಡ್ಯ. ಯುಗಾದಿಯ ದಿನ ಮುಹೂರ್ತ ನೋಡಬೇಕಿಲ್ಲವೆಂಬ ನೆಪ ಒಂದು, ಹಳೆಯ ಪಂಖಾದ ಕಪಾಸಿಟರ್ ಅದೇ ವಾರ ಕೈಕೊಡುವುದು ಇನ್ನೊಂದು. ಅಂಗಡಿಯವನು ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕರಲ್ಲೂ ಒಂದೇ ಬೆಲೆ ಹೇಳುತ್ತಾನೆ. ಮನೆಗೆ ಸಾಮಾನ್ಯವಾಗಿ ಒಗ್ಗುವುದು 1200 ಮಿಲಿಮೀಟರ್ ಹರವಿನದು, ಅಂದರೆ ಹಿರಿಯರ ಬಾಯಲ್ಲಿ ನಾಲ್ಕು ಫೂಟಿನ ಪಂಖಾ. ಹಳೆಯ ಬಗೆಯ ಮೋಟರು ಸುಮಾರು 75 ವ್ಯಾಟ್ ತಿಂದರೆ ಈಚಿನ ಬಿಎಲ್‌ಡಿಸಿ ಮೋಟರಿಗೆ 30ರ ಆಸುಪಾಸು ಸಾಕು. ಕರೆಂಟಿನ ಉಳಿತಾಯ ತೋರಿಸುವ ನಕ್ಷತ್ರದ ಚೀಟಿ 2023ರ ಜನವರಿಯಿಂದ ಕಡ್ಡಾಯವಾಗಿದೆ. ಆದರೂ ಕೊಳ್ಳುವವರು ಮೊದಲು ನೋಡುವುದು ಬಣ್ಣವನ್ನು, ತಿರುಗತೊಡಗಿದ ಮೇಲೆ ಯಾರಿಗೂ ಕಾಣದ ಬಣ್ಣವನ್ನು.

ಇನ್ನು ಮುಖ್ಯ ವಿಷಯ. ಪಂಖಾ ಹಾಕುವಾಗ ಮನೆಮಂದಿಯ ಭಯವೆಲ್ಲ ವಾಯರಿನ ಮೇಲಿರುತ್ತದೆ, ವಿಶ್ವಾಸವೆಲ್ಲ ಕೊಂಡಿಯ ಮೇಲೆ. ವಾಯರನ್ನು ಮೂರು ಸಲ ಟೆಸ್ಟರ್‌ ಇಟ್ಟು ನೋಡುತ್ತಾರೆ; ಕೊಂಡಿಯನ್ನು ‘ಅಜ್ಜನ ಕಾಲದ್ದು, ಗಟ್ಟಿ ಅದ’ ಎಂದು ಬಿಟ್ಟುಬಿಡುತ್ತಾರೆ. ಅಜ್ಜನ ಕಾಲದ್ದು ಎನ್ನುವುದು ಅನುಮಾನಕ್ಕೆ ಕಾರಣವಾಗಬೇಕಿತ್ತು.

ಕೊಂಡಿಯ ಗುಣ ಛಾವಣಿಯನ್ನು ನೋಡಿ ತಿಳಿಯಬೇಕು. ಅಕ್ಕಲಕೋಟೆ ತಾಲೂಕಿನ ದುಧನಿ, ಮೈಂದರ್ಗಿ, ನಾಗಣಸೂರಿನಂಥ ಊರುಗಳಲ್ಲಿ ತೊಲೆ ಜಂತಿ ಹಾಕಿ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆಗಳಿವೆ. ಇಂಥ ಮನೆಯ ನಡುತೊಲೆಗೆ ಕಬ್ಬಿಣದ ಬಳೆಯೊಂದು ಇದ್ದೇ ಇರುತ್ತದೆ. ಅದು ತೊಟ್ಟಿಲಿನದು. ಮನೆಯ ಮೂರು ತಲೆಮಾರನ್ನು ತೂಗಿದ ಬಳೆಗೆ ಒಂದು ಪಂಖಾ ಯಾವ ಲೆಕ್ಕವೆಂದು ವಾದಿಸುವವರು ಆ ಮೂರು ತಲೆಮಾರಿನವರೇ. ತೊಟ್ಟಿಲು ಅತ್ತಿತ್ತ ತೂಗುತ್ತದೆ, ಮಗು ಮಲಗಿದೊಡನೆ ನಿಲ್ಲುತ್ತದೆ. ಪಂಖಾ ಹಗಲೂ ರಾತ್ರಿ ಸಣ್ಣಗೆ ನಡುಗುತ್ತ, ತಿರುಪನ್ನು ಕೂದಲೆಳೆಯಷ್ಟೇ ಸಡಿಲಿಸುತ್ತ ಹೋಗುತ್ತದೆ. ತೊಲೆಗೆ ಗೆದ್ದಲು ಹತ್ತಿದ್ದರೆ ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಸುತ್ತಿಗೆಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಆ ತೊಲೆಗೆ ಪಂಖಾ ಬೇಡ. ಗಟ್ಟಿ ತೊಲೆಯಾದರೆ ಅದನ್ನು ಸುತ್ತಿ ಹಿಡಿಯುವ ಕ್ಲಾಂಪು ಹಾಕಿ, ಬೋಲ್ಟನ್ನು ಆರುಪಾರು ಬಿಗಿಯಬೇಕು. ಕಟ್ಟಿಗೆಗೆ ಬರೀ ತಿರುಪಿ ಕೂರಿಸಿದ ಕೊಂಡಿ ತಿರುಪಿನಂತೆಯೇ ಹೊರಗೂ ಬರುತ್ತದೆ.

ಪತ್ರಾದ, ಅಂದರೆ ತಗಡು ಹೊದಿಸಿದ ಮನೆಗಳದು ಇನ್ನೊಂದು ಕಥೆ. ಪತ್ರಾ ಪಂಖಾವನ್ನು ಹೊರುವುದಿಲ್ಲ, ಮುಂಗಾರಿನ ಮೊದಲ ಗಾಳಿಗೆ ತಾನೇ ನಿಲ್ಲುವುದು ಕಷ್ಟ. ಅದರ ಕೆಳಗಿನ ಕಬ್ಬಿಣದ ಪೈಪು ಅಥವಾ ಆಂಗಲ್ಲಿಗೆ ಕ್ಲಾಂಪು ಹಾಕಬೇಕು. ಇಲ್ಲಿ ಎತ್ತರದ ತೊಡಕೂ ಇದೆ. ರೆಕ್ಕೆ ನೆಲದಿಂದ ಕಡಿಮೆಯೆಂದರೆ 2.4 ಮೀಟರ್, ಸುಮಾರು ಎಂಟು ಅಡಿ ಮೇಲಿರಬೇಕು. ಎತ್ತರದ ಆಳೊಬ್ಬ ಅಂಗಿ ತೊಡಲು ಎರಡೂ ಕೈ ಎತ್ತಿದರೆ, ಅಥವಾ ಊರಿಂದ ಬಂದ ಕಾಕಾ ಪ್ರೀತಿಯಿಂದ ಮಗುವನ್ನು ಮೇಲೆ ಹಾರಿಸಿದರೆ, ಈ ಅಳತೆಯ ಮಹತ್ವ ತಿಳಿಯುತ್ತದೆ. ತಗ್ಗು ಪತ್ರಾದ ಕೋಣೆಗೆ ಗೋಡೆಯ ಪಂಖಾವೇ ಲೇಸು. ಮರ್ಯಾದೆಗಾಗಿ ಛಾವಣಿಗೇ ಬೇಕೆಂದು ಹಟ ಹಿಡಿದವರು ಮಗುವನ್ನು ಎತ್ತಿಕೊಳ್ಳುವ ನೆಂಟರನ್ನು ಕರೆಯಬಾರದು.

ಸ್ಲ್ಯಾಬಿನ ಮನೆಯಲ್ಲಿ ಕಾಂಕ್ರೀಟು ಸುರಿಯುವ ಮೊದಲೇ ಪಂಖಾದ ಡಬ್ಬಿಯನ್ನೂ, ಸುಮಾರು 12 ಮಿಲಿಮೀಟರ್ ದಪ್ಪದ ಸರಳಿನ ಕೊಂಡಿಯನ್ನೂ ಒಳಗಿನ ಸರಳುಗಳಿಗೆ ಕಟ್ಟಿ ಕೂರಿಸಿರಬೇಕು. ಗೌಂಡಿ ಇದನ್ನು ಮರೆಯುವುದುಂಟು. ಮರೆಯದಿದ್ದರೆ ಕೋಣೆಯ ನಡುವೆಂದು ತನಗೆ ತೋಚಿದ ಕಡೆ ಇಟ್ಟಿರುತ್ತಾನೆ, ಆಮೇಲೆ ಅಲ್ಲೇ ಗೋಡೆ ಎದ್ದಿರುತ್ತದೆ. ಕೊಂಡಿಯೇ ಇಲ್ಲದ ಸ್ಲ್ಯಾಬಿಗೆ ತೂತು ಕೊರೆದು ಹಿಗ್ಗುವ ಬೋಲ್ಟು ಬಡಿದು ಕೊಂಡಿ ಕೂರಿಸಬಹುದು. ಉದುರುವ ಗಿಲಾವಿನಲ್ಲಲ್ಲ, ಗಟ್ಟಿ ಕಾಂಕ್ರೀಟಿನಲ್ಲಿ. ಮಳೆಗಾಲದಲ್ಲಿ ಸೋರಿದ ಮಾಳಿಗೆಯಾದರೆ ಬಣ್ಣ ಕೆರೆದು ಕೊಂಡಿಯ ಬುಡ ನೋಡಬೇಕು. ದೀಪಾವಳಿಗೊಮ್ಮೆ ಬಳಿದ ಬಣ್ಣದ ಪದರುಗಳೊಳಗೆ ತುಕ್ಕು ಹಿಡಿದ ಕೊಂಡಿ ತುಂಬು ಆರೋಗ್ಯವಂತನಂತೆ ಕಾಣುತ್ತಿರುತ್ತದೆ.

ಕೊಂಡಿಯನ್ನು ಪರೀಕ್ಷಿಸುವ ಸ್ಥಳೀಯ ವಿಧಾನವೆಂದರೆ ಮನೆಯ ದಪ್ಪನೆಯ ಹುಡುಗನನ್ನು ಅದಕ್ಕೆ ಜೋತುಬೀಳಲು ಹೇಳುವುದು. ವಿಧಾನ ತಪ್ಪು, ಆಲೋಚನೆ ಸರಿ. ಹುಡುಗನ ಬದಲು ಅರ್ಧ ಚೀಲ ಜೋಳವನ್ನು ಗಟ್ಟಿ ಹಗ್ಗದಿಂದ ತೂಗಿಬಿಟ್ಟು, ಕೆಳಗೆ ಯಾರನ್ನೂ ನಿಲ್ಲಗೊಡದೆ, ಊಟ ಮುಗಿಸಿ ಬಂದು ನೋಡಬೇಕು. ಕೊಂಡಿ ಬಾಗಿರದಿದ್ದರೆ, ಬುಡದಲ್ಲಿ ಬಿರುಕು ಮೂಡಿರದಿದ್ದರೆ ಮುಂದಿನ ಕೆಲಸ.

ಮುಂದಿನದು ಕರೆಂಟು ಕಡಿಯುವುದು. ಬಟನ್ ಬಂದ್ ಮಾಡಿದರೆ ಸಾಲದು. ಹಳೆಯ ವಾಯರಿಂಗಿನಲ್ಲಿ ಬಟನ್ನನ್ನು ಫೇಸಿಗೆ ಬದಲು ನ್ಯೂಟ್ರಲ್ಲಿಗೆ ಜೋಡಿಸಿದ ಮಹಾನುಭಾವರಿದ್ದಾರೆ. ಅಂಥಲ್ಲಿ ಪಂಖಾ ನಿಂತಿರುತ್ತದೆ, ವಾಯರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಮೇನ್ ಬಂದ್ ಮಾಡಬೇಕು. ಅದನ್ನು ಒಬ್ಬ ಹುಡುಗನಿಗೆ ಒಪ್ಪಿಸುವುದು ರೂಢಿ.

‘ಮೇನ್ ಬಂದ್ ಮಾಡೀಯೇನ್ಲೇ?’

‘ಮಾಡೇನ್ರಿ ಕಾಕಾ.’

‘ಖರೇನs?’

‘ಬೇಕಾದ್ರ ನೀವs ಮುಟ್ಟಿ ನೋಡ್ರಿ.’

ಮುಟ್ಟಿ ನೋಡಬಾರದು. ಮೊದಲು ಕರೆಂಟಿರುವ ಪ್ಲಗ್ಗಿಗೆ ಟೆಸ್ಟರ್‌ ಇಟ್ಟು ಟೆಸ್ಟರ್‌ ಬದುಕಿದೆಯೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಛಾವಣಿಯ ಎರಡೂ ವಾಯರಿಗೆ ಇಟ್ಟು ನೋಡಬೇಕು. ಕಿಟ್‌ಕ್ಯಾಟ್ ಫ್ಯೂಜಿನ ಕಾಲದ ವಾಯರ್‌ಮನ್ ಫ್ಯೂಜನ್ನೇ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡು ಏಣಿ ಹತ್ತುತ್ತಿದ್ದ. ಅದಕ್ಕಿಂತ ಭದ್ರವಾದ ವ್ಯವಸ್ಥೆ ಇನ್ನೂ ಬಂದಿಲ್ಲ. ಈಗಿನ ಎಂಸಿಬಿಯನ್ನು ಕಿಸೆಗೆ ಹಾಕಲಾಗದು. ಅದನ್ನು ಕೆಳಗೊತ್ತಿ, ಚಿಕಟಪಟ್ಟಿ ಸುತ್ತಿ, ಒಬ್ಬರನ್ನು ಕಾವಲಿಡಬೇಕು. ಕಾವಲಿನವನಿಗೆ ಕ್ರಿಕೆಟ್ಟಿನ ಗೀಳು ಇರಕೂಡದು. ಅಡುಗೆಮನೆಯಿಂದ ‘ಮಿಕ್ಸರ್ ಯಾಕ ಬಂದ್ ಬಿತ್ತು’ ಎಂದು ಬರುವ ದನಿಗೆ ಹೆದರುವವನಂತೂ ಬೇಡವೇ ಬೇಡ.

ಇಷ್ಟಾದರೂ ಒಂದು ಉಳಿಯುತ್ತದೆ. 2005ರ ನಂತರದ ಲೋಡ್‌ಶೆಡ್ಡಿಂಗ್‌ನ ವರ್ಷಗಳಲ್ಲಿ ಮಹಾರಾಷ್ಟ್ರದ ಎಷ್ಟೋ ಮನೆಗಳಿಗೆ ಇನ್ವರ್ಟರ್ ಬಂತು, ಲೋಡ್‌ಶೆಡ್ಡಿಂಗ್ ತಗ್ಗಿದ ಮೇಲೂ ಹೋಗಲಿಲ್ಲ. ಮೇನ್ ಬಂದ್ ಮಾಡಿದೊಡನೆ ಅದು ಕರೆಂಟು ಹೋಯಿತೆಂದು ಭಾವಿಸಿ ತನ್ನ ಧರ್ಮ ಪಾಲಿಸುತ್ತದೆ: ಪಂಖಾದ ಲೈನಿಗೆ ಪೂರಾ 230 ವೋಲ್ಟ್ ಕಳಿಸುತ್ತದೆ. ಇನ್ವರ್ಟರ್ ಆರಿಸದೆ ಮೇನ್ ಮಾತ್ರ ಆರಿಸುವುದು ನಾಯಿಯನ್ನು ಕಟ್ಟಿಹಾಕದೆ ಗೇಟಿಗೆ ಬೀಗ ಹಾಕಿ ಒಳಗೆ ನಿಂತ ಹಾಗೆ.

ಏಣಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮಡಚುವ ಏಣಿ ತರಬೇಕು ಎಂದರೆ ಸಾಕು. ಆದರೆ ಮನೆಗಳಲ್ಲಿ ಮಂಚದ ಮೇಲೆ ಮೇಜು, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅಳಿಯ ಎಂಬ ಗೋಪುರ ಏಳುತ್ತದೆ. ಗೋಪುರವನ್ನು ಹಿಡಿದ ನಾಲ್ವರಲ್ಲಿ ಮೂವರು ಮೇಲೆ ನೋಡುತ್ತ ಸಲಹೆ ಕೊಡುತ್ತಾರೆ, ನಾಲ್ಕನೆಯವರು ಚಹಾ ಹಿಡಿದಿರುತ್ತಾರೆ. ಅಲ್ಯೂಮಿನಿಯಂ ಏಣಿಗಿಂತ ಕಟ್ಟಿಗೆಯದೋ ಫೈಬರಿನದೋ ಒಳ್ಳೆಯದು. ಕಾಲಲ್ಲಿ ಒಣ ಚಪ್ಪಲಿ ಇರಲಿ.

ಜೋಡಣೆ ನೆಲದ ಮೇಲೆ ನಡೆಯಬೇಕು. ರಾಡಿಗೆ ಮೊದಲು ಮೇಲಿನ ಮತ್ತು ಕೆಳಗಿನ ಬಟ್ಟಲುಗಳನ್ನು ತೂರಿಸಿಕೊಳ್ಳಬೇಕು, ಅದೂ ಬಾಯಿ ಸರಿಯಾದ ದಿಕ್ಕಿಗಿರುವಂತೆ. ಇದನ್ನು ಮರೆತು ಎಲ್ಲ ಬಿಗಿದ ಮೇಲೆ ಮೂಲೆಯಲ್ಲಿ ಕುಳಿತ ಬಟ್ಟಲನ್ನು ಕಂಡು ಮತ್ತೆ ಬಿಚ್ಚುವುದು ಪಂಖಾ ಹಾಕುವ ಕ್ರಿಯೆಯ ಅವಿಭಾಜ್ಯ ಅಂಗ. ಮೋಟರಿನ ವಾಯರನ್ನು ರಾಡಿನೊಳಗೆ ಹಾಯಿಸಿ, ರಾಡನ್ನು ಮೋಟರಿಗೆ ಬೋಲ್ಟಿನಿಂದ ಜೋಡಿಸಿ, ನಟ್ಟು ಬಿಗಿದು, ಬೋಲ್ಟಿನ ತುದಿಯ ತೂತಿಗೆ ಎರಡು ಕಾಲಿನ ಪಿನ್ನು ತೂರಿಸಿ ಅದರ ಕಾಲುಗಳನ್ನು ಎರಡು ಕಡೆಗೆ ಬಗ್ಗಿಸಬೇಕು. ಈ ಪಿನ್ನು ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ದೊಡ್ಡದಲ್ಲ. ಡಬ್ಬಿ ಒಡೆಯುವಾಗ ಮೊದಲು ಕಳೆಯುವುದೂ ಅದೇ. ‘ನಟ್ಟು ಬಿಗಿ ಅದ, ಪಿನ್ನು ಯಾಕ ಬೇಕು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಡುಗಿ ನಡುಗಿ ನಟ್ಟು ಸಡಿಲವಾದ ದಿನ ಪಂಖಾವನ್ನು ಹಿಡಿದಿಡುವುದು ಆ ಪಿನ್ನು ಒಂದೇ.

ಎತ್ತುವಾಗ ಇಬ್ಬರು ಬೇಕು, ರೆಕ್ಕೆಗಳು ಬೇಡ. ಕೊಂಡಿಗೂ ಬೋಲ್ಟಿಗೂ ನಡುವೆ ರಬ್ಬರಿನ ಗುಂಡಿ ಕೂರಬೇಕು. ಭದ್ರತೆಯ ಉಕ್ಕಿನ ತಂತಿ ಕೊಟ್ಟಿದ್ದರೆ ಅದನ್ನು ಬೇರೆ ಆಧಾರಕ್ಕೆ ಕಟ್ಟಬೇಕು, ಅದೇ ಕೊಂಡಿಗಲ್ಲ. ಕೊಂಡಿಯೇ ಕಿತ್ತು ಬಂದರೆ ತಂತಿ ಜೊತೆಗೇ ಇಳಿಯುತ್ತದೆ. ವಾಯರು ಜೋಡಿಸುವಾಗ ಫೇಸು, ನ್ಯೂಟ್ರಲ್ ಕನೆಕ್ಟರಿನಲ್ಲಿ ಬಿಗಿಯಾಗಿ ಕೂರಲಿ, ಹಸಿರು ಅರ್ತಿಂಗ್ ವಾಯರು ಪಂಖಾದ ಮೈಗೆ ಬರಲಿ. ವಾಯರಿಗೆ ಸ್ವಲ್ಪ ಸಡಿಲು ಬಿಡಬೇಕು, ಪಂಖಾದ ಭಾರ ಎಳ್ಳಷ್ಟೂ ಅದರ ಮೇಲೆ ಬೀಳಬಾರದು. ಕೊನೆಗೆ ರೆಕ್ಕೆ. ಒಂದು ಡಬ್ಬಿಯ ಮೂರು ರೆಕ್ಕೆಗಳು ತೂಕ ಹೊಂದಿಸಿದ ಜೊತೆಗಾರರು. ಹಿಂದಿನ ಪಂಖಾದಲ್ಲಿ ಉಳಿದ ಒಳ್ಳೆಯ ರೆಕ್ಕೆಯೊಂದನ್ನು ಉಳಿತಾಯವೆಂದು ಇದಕ್ಕೆ ಹಾಕಿದರೆ ಪಂಖಾ ಮನೆ ಬಿಟ್ಟು ಹೋಗಲು ಹವಣಿಸುತ್ತದೆ. ರೆಕ್ಕೆಗೂ ಛಾವಣಿಗೂ ಒಂದಡಿ ಅಂತರವಿರಲಿ, ಇಲ್ಲದಿದ್ದರೆ ಅದಕ್ಕೆ ಎಳೆದುಕೊಳ್ಳಲು ಗಾಳಿಯೇ ಸಿಗದು.

ಎಲ್ಲರೂ ಏಣಿಯಿಂದ ಇಳಿದ ಮೇಲೆ ಕರೆಂಟು, ಮೊದಲು ಒಂದನೆಯ ನಂಬರಿನಲ್ಲಿ. ಉಲ್ಟಾ ತಿರುಗಿ ಗಾಳಿಯನ್ನು ಮೇಲಕ್ಕೆ ತೂರಿದರೆ ಕಪಾಸಿಟರಿನ ವಾಯರು ಅದಲುಬದಲಾಗಿದೆ. ಓಲಾಡಿದರೆ ರೆಕ್ಕೆಯ ತಿರುಪು ನೋಡಬೇಕು, ಪ್ರತಿ ರೆಕ್ಕೆಯ ತುದಿಯಿಂದ ಛಾವಣಿಯವರೆಗೆ ಅಳೆಯಬೇಕು. ‘ನಡೀತದ ಬಿಡು’ ಎನ್ನುವ ಮುನ್ನ ಒಂದು ಲೆಕ್ಕ ತಿಳಿದಿರಲಿ. 1200 ಮಿಲಿಮೀಟರಿನ ಪಂಖಾ ನಿಮಿಷಕ್ಕೆ 350 ಸುತ್ತು ಹೊಡೆದರೆ ಅದರ ರೆಕ್ಕೆಯ ತುದಿ ಗಂಟೆಗೆ ಸುಮಾರು 79 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೋಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಗೆ ಅದು ಅರ್ಧ ತಾಸಿನಲ್ಲಿ ಮುಟ್ಟಬಲ್ಲದು. ಅಲ್ಲಿಯ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಯಾವ ಎಸ್‌ಟಿ ಬಸ್ಸಿಗೂ ಇದು ಸಾಧ್ಯವಿಲ್ಲ.

ಪಂಖಾದ ಓಟ ಕರೆಂಟಿನ ಆವರ್ತನವನ್ನೂ ವೋಲ್ಟೇಜನ್ನೂ ನೆಚ್ಚಿದೆ. ಆವರ್ತನದ ಮಟ್ಟಿಗೆ 2013ರ ಡಿಸೆಂಬರ್ 31ರವರೆಗೆ ಸೋಲಾಪುರದ ಪಂಖಾ ಒಂದು ಗ್ರಿಡ್ಡಿನದು, ರಾಯಚೂರಿನದು ಇನ್ನೊಂದರದು. ಆ ದಿನ 765 ಕಿಲೋವೋಲ್ಟಿನ ರಾಯಚೂರು–ಸೋಲಾಪುರ ಲೈನು ಚಾಲೂ ಆಗಿ ದಕ್ಷಿಣದ ಗ್ರಿಡ್ ಉಳಿದ ದೇಶದೊಡನೆ ಕೂಡಿತು. ಅಕ್ಕಲಕೋಟೆ ಮಹಾರಾಷ್ಟ್ರದ್ದೋ ಕರ್ನಾಟಕದ್ದೋ ಎಂಬ ವಾದ ಗಡಿಯ ಬಗೆಗಿನ 1967ರ ಮಹಾಜನ ಆಯೋಗದ ವರದಿಯ ನಂತರವೂ ತೀರಿಲ್ಲ. ಪಂಖಾಗಳು ತಮ್ಮ ಗಡಿಯನ್ನು ಸದ್ದಿಲ್ಲದೆ ಅಳಿಸಿಕೊಂಡವು. ವೋಲ್ಟೇಜು ಮಾತ್ರ ಊರಿನದೇ ವಿಷಯ. ಹೊಲದ ಪಂಪುಗಳೆಲ್ಲ ಒಟ್ಟಿಗೆ ಚಾಲೂ ಆದಾಗ ಹಳ್ಳಿಯ ಪಂಖಾ ಆಲಸಿಯಾಗುವುದುಂಟು. ಹೊತ್ತು ಯಾವುದಿದ್ದರೂ ಆಲಸಿಯಾಗಿಯೇ ಇದ್ದರೆ ಕಪಾಸಿಟರ್ ಬದಲಿಸಬೇಕು.

ರೆಗ್ಯುಲೇಟರಿನ ವಿವಾದ ವಾಯರ್‌ಮನ್ನನಿಗೆ ಸಂಬಂಧಿಸಿದ್ದಲ್ಲ, ಆದರೂ ಹಾಕಿದ ರಾತ್ರಿಯೇ ಏಳುತ್ತದೆ. ಐದಕ್ಕೆ ಇಟ್ಟು ಸೋಲಾಪುರಿ ಚಾದರ ಹೊದ್ದು ಮಲಗುವವರು ಒಂದು ಪಕ್ಷ, ಎರಡಕ್ಕೆ ಇಳಿಸಿ ಬಿಲ್ಲು ಉಳಿಸುವವರು ಇನ್ನೊಂದು. ಹಳೆಯ ದೊಡ್ಡ ಡಬ್ಬಿಯ ರೆಗ್ಯುಲೇಟರಾದರೆ ಉಳಿಸುವವರಿಗೆ ದಕ್ಕುವುದು ಅಲ್ಪ. ಪಂಖಾ ತಿನ್ನದ ಕರೆಂಟಿನ ಬಹುಪಾಲನ್ನು ಡಬ್ಬಿ ಕಾವಾಗಿ ಕಳೆಯುತ್ತಿರುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಉಳಿತಾಯ ನಿಜ. ಬಿಎಲ್‌ಡಿಸಿ ಪಂಖಾವನ್ನು ಸಾಮಾನ್ಯವಾಗಿ ರೆಗ್ಯುಲೇಟರ್ ತಪ್ಪಿಸಿ ನೇರ ಬಟನ್ನಿಗೆ ಕೊಡಬೇಕು. ಅದಕ್ಕೆ ರಿಮೋಟ್ ಇರುತ್ತದೆ, ರಿಮೋಟ್ ಯಾರ ಹಾಸಿಗೆಯಲ್ಲಿದೆಯೋ ಅವರೇ ಆ ರಾತ್ರಿಯ ಯಜಮಾನರು.

ಹಾಕಿ ತಿಂಗಳಾದ ಮೇಲೆ ಮೇನನ್ನೂ ಇನ್ವರ್ಟರನ್ನೂ ಆರಿಸಿ ಪಾನಾ ಹಿಡಿದು ಮತ್ತೊಮ್ಮೆ ಹತ್ತಬೇಕು. ಪಿನ್ನು, ನಟ್ಟು, ರೆಕ್ಕೆಯ ತಿರುಪು, ರಬ್ಬರಿನ ಗುಂಡಿ ನೋಡಬೇಕು. ಮುಂದೆ ವರ್ಷಕ್ಕೊಮ್ಮೆ ಸಾಕು. ದಸರೆಗೆ ಮನೆ ತೊಳೆಯುವಾಗ ರೆಕ್ಕೆ ಒರೆಸಲು ಹೇಗೂ ಹತ್ತಬೇಕಾಗುತ್ತದೆ. ಒಂದೇ ರೆಕ್ಕೆ ಒರೆಸಿ ಊಟಕ್ಕೆ ಇಳಿಯಬಾರದು, ಮೂರರ ತೂಕ ಬೇರೆಬೇರೆಯಾಗುತ್ತದೆ. ರೆಕ್ಕೆಯನ್ನು ಒಂದು ಕೈಯಲ್ಲಿ ಆನಿಸಿ ಹಿಡಿದು ಇನ್ನೊಂದು ಕೈಯಿಂದ ಒರೆಸಬೇಕು. ಮೇಲಿಂದ ಒತ್ತಿದರೆ ಬಾಗುತ್ತದೆ. ಕೆಳಗೆ ಹಾಸಿಗೆಯ ಮೇಲೆ ಹಳೆಯ ಚಾದರ ಹಾಸಿಕೊಂಡಿರಬೇಕು, ಹೊಸದಲ್ಲ.