ಶೋಕೇಸಿನಿಂದ ಗಾಡಿ ಹೊರಗೆ ತೆಗೆಯಿರಿ: ಟೆಕ್ನಿಕ್ ಗೆಳೆಯರಿಗೊಂದು ಬಹಿರಂಗ ಪತ್ರ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟಿನ ಗೆಳೆಯ-ಗೆಳತಿಯರೇ,

ಲೆಗೋ ಟೆಕ್ನಿಕ್ ಸೆಟ್ಟು ಕೊಂಡು, ಶನಿವಾರ-ಭಾನುವಾರ ಊಟದ ಮೇಜಿನ ಮೇಲೆಲ್ಲ ಪೀಸು ಹರಡಿಕೊಂಡು ಕಾರು, ಕ್ರೇನು, ಜೆಸಿಬಿ ಕಟ್ಟುವವರಲ್ಲಿ ನಾನೂ ಒಬ್ಬ. ನಮ್ಮ ಹವ್ಯಾಸವನ್ನು ಮಕ್ಕಳಾಟ ಅನ್ನುವವರಿಗೆ ಉತ್ತರ ಕೊಡಲು ಈ ಪತ್ರ ಬರೆಯುತ್ತಿಲ್ಲ. ನಮ್ಮನಮ್ಮಲ್ಲೇ ಆಗಬೇಕಾದ ಮಾತೊಂದಿದೆ. ಕಟ್ಟಿ ಮುಗಿಸಿದ ಗಾಡಿ ಗಾಜಿನ ಬೀರು ಸೇರಿತೆಂದರೆ ವರ್ಷಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಕೆಲವು ಮನೆಗಳಲ್ಲಂತೂ ಡಬ್ಬದ ಸೀಲನ್ನೇ ಒಡೆದಿರುವುದಿಲ್ಲ. ಕಂಪನಿ ಆ ಮಾಡೆಲ್ ನಿಲ್ಲಿಸಿದ ಮೇಲೆ ಒಳ್ಳೆಯ ಬೆಲೆ ಬರುತ್ತದೆ ಎಂಬ ಲೆಕ್ಕ. ನನ್ನ ಕೋರಿಕೆ ಇಷ್ಟೇ: ಗಾಡಿಗಳನ್ನು ಹೊರಗೆ ತೆಗೆಯಿರಿ. ಬೇರೆಯವರ ಕೈಗೆ ಕೊಡಿ. ಬಿಚ್ಚಿ, ಮತ್ತೆ ಕಟ್ಟಿ.

ಡೈಕಾಸ್ಟ್ ಕಾರನ್ನು ದೂರದಿಂದ ನೋಡಿದರೂ ಸಾಕು, ಅದರ ಅಂದವೆಲ್ಲ ಬಣ್ಣದಲ್ಲಿ, ಮೈಕಟ್ಟಿನಲ್ಲಿ. ಟೆಕ್ನಿಕ್ ಗಾಡಿಯ ಸೊಗಸು ಒಳಗಿದೆ. ಲೆಗೋ 1958ರಲ್ಲಿ ಪೇಟೆಂಟಿಗೆ ಹಾಕಿದ ಬ್ರಿಕ್ಕಿಗೆ 1977ರಲ್ಲಿ ಬಂದ ಟೆಕ್ನಿಕ್ ಸಾಲು ಗೇರು, ಆ್ಯಕ್ಸಲ್, ತೂತುಳ್ಳ ಬೀಮುಗಳನ್ನು ಸೇರಿಸಿತು. 1994ರ ಸೂಪರ್ ಕಾರಿನಲ್ಲೇ ನಾಲ್ಕೂ ಚಕ್ರಕ್ಕೆ ಡ್ರೈವ್, ನಾಲ್ಕೂ ಚಕ್ರಕ್ಕೆ ಸ್ಟೀರಿಂಗ್, ನಾಲ್ಕು ಗೇರಿನ ಗೇರ್‌ಬಾಕ್ಸ್ ಇದ್ದವು. 2018ರ ಬುಗಾಟಿ ಶಿರಾನ್‌ನಲ್ಲಿ 3,599 ಪೀಸು, ಎಂಟು ಗೇರು, ಚಕ್ರ ಉರುಳಿದರೆ ಏರಿಳಿಯುವ ಹದಿನಾರು ಪಿಸ್ಟನ್ನು. ಅಷ್ಟು ದಿನ ಕೂತು ಕಟ್ಟಿದ ಗೇರ್‌ಬಾಕ್ಸನ್ನು ಮತ್ತೆ ಯಾರೂ ಮುಟ್ಟದಿದ್ದರೆ ಕಟ್ಟಿದ್ದು ಏತಕ್ಕೆ?

ಇವತ್ತೇ ಒಂದು ಕೆಲಸ ಮಾಡಿ. ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್ ಇರುವ ಕಾರೊಂದನ್ನು ಎತ್ತಿ ಹಿಡಿಯಿರಿ. ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಮುಂದಕ್ಕೆ ತಿರುಗಿಸಿ, ಪಿಸ್ಟನ್ನುಗಳು ಏರಿಳಿಯುತ್ತವೆ. ಈಗ ಒಂದನ್ನು ಬಿಟ್ಟು ಇನ್ನೊಂದನ್ನಷ್ಟೇ ತಿರುಗಿಸಿ. ಬಿಟ್ಟ ಚಕ್ರ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಪಿಸ್ಟನ್ನು ಅಲುಗುವುದೇ ಇಲ್ಲ. ನಡುವೆ ಕೂತಿರುವ ಡಿಫರೆನ್ಷಿಯಲ್‌ನ ಪುಟ್ಟ ಗೇರುಗಳ ಕೆಲಸ ಅದು. ಸೌತ್ ಎಂಡ್ ಸರ್ಕಲ್‌ನಲ್ಲಿ ಆಟೊ ಸುತ್ತು ಹೊಡೆಯುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಟೈರು ನೆಲಕ್ಕೆ ಉಜ್ಜಿ ಸವೆಯುತ್ತಿತ್ತು. ಪುಸ್ತಕದಲ್ಲಿ ಚಿತ್ರ ನೋಡಿ ತಲೆಗೆ ಹತ್ತದ ಈ ವಿಷಯ ಹತ್ತು ವರ್ಷದ ಹುಡುಗಿಯ ಬೆರಳಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಬೆರಳಿಗೆ ಸಿಕ್ಕಬೇಕು, ಅಷ್ಟೆ.

ಕ್ರೇನಿನಲ್ಲಿ ವರ್ಮ್ ಗೇರು ನೋಡಿ. ಅದು ಒಂದು ಪೂರ್ತಿ ಸುತ್ತು ತಿರುಗಿದರೆ ಎದುರಿನ 24 ಹಲ್ಲಿನ ಗೇರು ಒಂದೇ ಹಲ್ಲು ಸರಿಯುತ್ತದೆ. ವೇಗ ಕಡಿಮೆಯಾದಷ್ಟೂ ಬಲ ಹೆಚ್ಚು. ಹಿಡಿಕೆ ಬಿಟ್ಟರೂ ತೋಳು ಕೆಳಗೆ ಬೀಳುವುದಿಲ್ಲ. ವರ್ಮು ಗೇರನ್ನು ತಿರುಗಿಸುತ್ತದೆ, ಗೇರು ವರ್ಮನ್ನು ತಿರುಗಿಸಲಾರದು.

ನಮ್ಮ ದಕ್ಷಿಣ ಬೆಂಗಳೂರಿನ ಮಕ್ಕಳಿಗೆ ಯಂತ್ರಗಳ ಬಗ್ಗೆ ಕುತೂಹಲ ಇಲ್ಲವೆಂದು ಯಾರೂ ಹೇಳಲಾರರು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಕೆಳಗೊಂದು ರಸ್ತೆ, ಅದರ ಮೇಲೊಂದು ರಸ್ತೆ, ಅದಕ್ಕೂ ಮೇಲೆ ಮೆಟ್ರೊ ಎದ್ದು ನಿಂತದ್ದನ್ನು ಅವರು ಶಾಲೆಯ ವ್ಯಾನಿನ ಕಿಟಕಿಯಿಂದ ವರ್ಷಗಟ್ಟಲೆ ನೋಡಿದ್ದಾರೆ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆ ನಿಲ್ದಾಣದಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ರೈಲು ಓಡುತ್ತಿದೆ. ಕಾಂಕ್ರೀಟು ತುಂಡುಗಳನ್ನು ಎತ್ತಿ ಕೂರಿಸುವ ಕ್ರೇನುಗಳ ಹೆಸರು, ಬಣ್ಣ ಎಲ್ಲ ಅವರ ಬಾಯಲ್ಲಿವೆ. ಅವು ಹೇಗೆ ಎತ್ತುತ್ತವೆ ಎಂದು ಕೈಯಾರೆ ತಿಳಿಯುವ ದಾರಿ ಮಾತ್ರ ನಮ್ಮ ಬೀರುವಿನೊಳಗೆ ಉಳಿದಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಇಂದಿಗೂ ಮಕ್ಕಳು ಮುಗಿಬೀಳುವುದು ಅಲ್ಲಿ ಗುಂಡಿ ಒತ್ತಬಹುದು, ಹಿಡಿಕೆ ತಿರುಗಿಸಬಹುದು ಎಂಬ ಕಾರಣಕ್ಕೇ.

ಇನ್ನು ಬೆಲೆ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ ಶೇ. 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. ದೇಶದ ಆಟಿಕೆ ಉದ್ಯಮವನ್ನು ಬೆಳೆಸುವ ಉದ್ದೇಶ ಅದರ ಹಿಂದಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪರಿಣಾಮ ನಮ್ಮ ಕಣ್ಣ ಮುಂದಿದೆ: ದೊಡ್ಡ ಸೆಟ್ಟೊಂದಕ್ಕೆ ಹತ್ತಾರು ಸಾವಿರ ರೂಪಾಯಿ. ಬಿಟಿಎಂನ ಪಿಜಿಯಲ್ಲಿರುವ ಹೊಸ ಎಂಜಿನಿಯರಿಗೂ ಅದು ಭಾರ. ಅದೇ ಬೀದಿಯ ಗ್ಯಾರೇಜಿನಲ್ಲಿ ಅಪ್ಪನ ಜೊತೆ ಸ್ಪ್ಯಾನರ್ ಹಿಡಿಯುವ ಹುಡುಗನಿಗಂತೂ ಕನಸು. ಗಾಡಿಯ ಒಳಗುಟ್ಟು ತಿಳಿಯುವ ಹಸಿವು ಯಾರಿಗೆ ಹೆಚ್ಚಿದೆಯೋ ಅವರ ಕೈಗೇ ಅದು ಸಿಗುತ್ತಿಲ್ಲ. ಹಾಗಾಗಿ ಇರುವವರು ಹಂಚಿಕೊಳ್ಳಬೇಕು.

ಇದು ನಮಗೆ ಹೊಸದಲ್ಲ. ನಮ್ಮಲ್ಲಿ ಅನೇಕರ ಕೈಪಳಗಿದ್ದು ಮೆಕ್ಯಾನಿಕ್ಸ್ ಡಬ್ಬದಲ್ಲಿ: ತೂತು ಕೊರೆದ ಲೋಹದ ಪಟ್ಟಿ, ನಟ್ಟು, ಬೋಲ್ಟು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ ಆಟಿಕೆಯ ವಂಶದ್ದು ಅದು. ಅಣ್ಣನಿಂದ ತಮ್ಮನಿಗೆ, ಚಿಕ್ಕಪ್ಪನ ಮಗನಿಗೆ, ಪಕ್ಕದ ಮನೆಗೆ ಆ ಡಬ್ಬ ಓಡಾಡುತ್ತಿತ್ತು. ಕ್ರೇನನ್ನು ಬಿಚ್ಚದೆ ಲಾರಿ ಕಟ್ಟಲು ಪಟ್ಟಿ ಸಾಲುತ್ತಿರಲಿಲ್ಲ. ಬಿಚ್ಚುವುದೂ ಆಟದ ಭಾಗವೇ ಆಗಿತ್ತು.

ಪೀಸು ಕಳೆದುಹೋದರೆ ಏನು ಗತಿ ಎಂದು ಕೇಳುತ್ತೀರಿ. ಸರಿಯಾದ ಚಿಂತೆಯೇ. ಬಿಚ್ಚುವಾಗ ಪಿನ್ನು ಒಂದು ಡಬ್ಬಿಗೆ, ಗೇರು ಇನ್ನೊಂದಕ್ಕೆ, ಆ್ಯಕ್ಸಲ್ಲು ಮತ್ತೊಂದಕ್ಕೆ ಹಾಕಿ; ಹಳೆಯ ಟಿಫನ್ ಡಬ್ಬಿಗಳೇ ಸಾಕು. ಸೆಟ್ಟಿನ ಜೊತೆ ಬರುವ, ಕಟ್ಟುವ ಕ್ರಮ ತೋರಿಸುವ ಪುಸ್ತಕದ ಕೊನೆಯಲ್ಲಿ ಯಾವ ಪೀಸು ಎಷ್ಟೆಂಬ ಪಟ್ಟಿ ಇರುತ್ತದೆ. ಯಾವ ಆ್ಯಕ್ಸಲ್ ಎಂದು ಗೊಂದಲವಾದರೆ ಪುಸ್ತಕದಲ್ಲಿ ನಿಜ ಅಳತೆಯಲ್ಲೇ ಅಚ್ಚಾಗಿರುವ ಚಿತ್ರದ ಮೇಲೆ ಇಟ್ಟು ನೋಡಬಹುದು. ಪುಸ್ತಕ ಹರಿದರೆ ಕಂಪನಿಯೇ ಅದನ್ನು ಪಿಡಿಎಫ್ ಆಗಿ ಉಚಿತವಾಗಿ ಕೊಡುತ್ತದೆ. ಒಂದೆರಡು ಪಿನ್ನು ಹೋದರೂ ಇನ್ನೊಂದು ಸೆಟ್ಟಿನದು ಹಾಕಿದರಾಯಿತು. 1958ರ ಬ್ರಿಕ್ಕಿಗೆ ಇವತ್ತಿನ ಬ್ರಿಕ್ಕು ಕೂರುತ್ತದೆ. ಸೀಲು ಒಡೆದರೆ ಮರುಮಾರಾಟದ ಬೆಲೆ ಇಳಿಯುತ್ತದೆ, ನಿಜ. ಹಣ ಬೆಳೆಸಲು ಬೇರೆ ದಾರಿಗಳು ಬೇಕಾದಷ್ಟಿವೆ. ಡಿಫರೆನ್ಷಿಯಲ್ ಕಲಿಸಲು ಇಷ್ಟು ಒಳ್ಳೆಯ ದಾರಿ ಕಡಿಮೆ.

ಎಲ್ಲಿಂದ ಶುರು ಮಾಡೋಣ? ದಸರೆಯಿಂದ. ಜಯನಗರ, ಬನಶಂಕರಿಯ ಎಷ್ಟೋ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ನೆಲದ ಮೇಲೆ ಮಕ್ಕಳು ಹೂಡುವ ಪಾರ್ಕು, ಊರು, ರಸ್ತೆ. ಸಂಜೆಯಾದರೆ ಕೇರಿಯ ಮಕ್ಕಳು ಬಂದು ನೋಡಿ, ಬೊಂಬೆ ಬಾಗಿನ ತೆಗೆದುಕೊಂಡು ಹೋಗುತ್ತಾರೆ. ಆ ರಸ್ತೆಯ ಮೇಲೆ ನಿಮ್ಮ ಕ್ರೇನು ನಿಲ್ಲಲಿ. ಪಕ್ಕದಲ್ಲಿ ‘ಮುಟ್ಟಿ, ತಿರುಗಿಸಿ’ ಎಂದು ಬರೆದಿಡಿ. ಯಾವ ಮಗು ಹಿಡಿಕೆ ಬಿಡಲು ಒಪ್ಪುವುದಿಲ್ಲವೋ ಅದಕ್ಕೆ ವಿಜಯದಶಮಿ ಕಳೆದ ಮೇಲೆ ಆ ಸೆಟ್ಟನ್ನು ಬಿಚ್ಚಿ, ಪುಸ್ತಕದ ಸಮೇತ ಒಂದು ತಿಂಗಳಿಗೆ ಕೊಡಿ. ಅಪಾರ್ಟ್‌ಮೆಂಟಿನಲ್ಲಿರುವವರು ಕ್ಲಬ್ ಹೌಸಿನಲ್ಲಿ ಒಂದು ಕಪಾಟು ಕೇಳಿ ಪಡೆಯಿರಿ. ಎರವಲು ಬರೆದಿಡಲು ಒಂದು ನೋಟ್‌ಬುಕ್ಕು ಸಾಕು.

ಮೊದಲ ಡಬ್ಬ ನನ್ನದು: ವೋಲ್ವೊ ವೀಲ್ ಲೋಡರ್, 1,636 ಪೀಸು. ಬಿಚ್ಚಿ, ವಿಂಗಡಿಸಿ ಇಟ್ಟಿದ್ದೇನೆ. ಕಟ್ಟುವ ಆಸೆಯಿರುವ ಯಾವ ಮಗುವೂ ಮನೆಯವರ ಜೊತೆ ಬಂದು ಒಯ್ಯಬಹುದು. ಎರಡನೆಯ ಡಬ್ಬ ಯಾರದು, ನೀವು ಹೇಳಿ.

ಇಂತಿ ನಿಮ್ಮವ,
ಬನಶಂಕರಿ ಎರಡನೇ ಹಂತದ ಒಬ್ಬ ಹವ್ಯಾಸಿ