ಎರಡನೇ ಸುತ್ತಿನ ಸತ್ಯ

ನಮ್ಮ ಗಂಡು ಕುಲಕ್ಕೆ ಬ್ರಹ್ಮ ಕೊಟ್ಟು ಕಳಿಸಿರುವ ನಿಘಂಟಿನಲ್ಲಿ ಒಂದೇ ಪದ: ‘ಏನಿಲ್ಲ.’ ಯಾಕ್ರೀ ಸಪ್ಪಗಿದ್ದೀರಿ? ಏನಿಲ್ಲ. ರಾತ್ರಿ ಮೂರಕ್ಕೆ ಎದ್ದು ಹಾಲ್‌ನಲ್ಲಿ ಕೂತಿದ್ರಲ್ಲ? ಏನಿಲ್ಲ. ಕೆಲಸ ಹೋಯ್ತಂತೆ? ಹೂಂ, ಹೋಯ್ತು, ಏನಿಲ್ಲ ಬಿಡು.

ಈ ‘ಏನಿಲ್ಲ’ ಹೆಂಡತಿಯ ಕಣ್ಣೀರಿಗೆ ಕರಗದು, ತಾಯಿಯ ಆಣೆಗೂ ಕರಗದು. ಕರಗುವುದು ಜಕ್ಕೂರು ಕೆರೆಯ ಎರಡನೇ ಸುತ್ತಿನಲ್ಲಿ. ಇದು ನನ್ನ ಆರು ವರ್ಷಗಳ ಸಂಶೋಧನೆ. ಡಾಕ್ಟರೇಟ್ ಕೊಡುವ ಮನಸ್ಸಿದ್ದವರು ಯಲಹಂಕ ನ್ಯೂ ಟೌನ್‌ಗೆ ಕಳಿಸಿಕೊಡಿ, ಶಾಲಿನ ಸಮೇತ.

ನಮ್ಮದು ನಾಲ್ವರ ಪಟಾಲಂ. ಯಶವಂತಪುರ ಯಾರ್ಡಿನಲ್ಲಿ ಮಂಡಿ ಇಟ್ಟಿರುವ ಈರುಳ್ಳಿ ಸಾಹುಕಾರರು. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಸರ್ವೀಸ್ ಮುಗಿಸಿದ ಗಾಲಿ ಮಾವ. ಆರ್.ಟಿ. ನಗರದಿಂದ ಬರುವ, ಹೆಬ್ಬಾಳದ ಫ್ಲೈಓವರ್ ಮೇಲೆ ದಿನಾ ನಿಂತೂ ನಿಂತೂ ಅರ್ಧ ಸನ್ಯಾಸಿಯಾಗಿರುವ ಸಾಫ್ಟ್‌ವೇರ್ ಹುಡುಗ. ಮತ್ತೆ ಈ ಬಡ ಸಂಶೋಧಕ.

ಮೊದಲನೇ ಸುತ್ತು ಪೂರ್ತಿ ಬಡಾಯಿಗೆ ಮೀಸಲು. ಈರುಳ್ಳಿ ರೇಟು, ಬಿಪಿ ಮಾತ್ರೆ, ಸರ್ಕಾರ ಬೀಳುವ ಮುಹೂರ್ತ. ಹುಡುಗ ನಿಮಿಷಕ್ಕೊಮ್ಮೆ ವಾಚ್ ನೋಡುತ್ತಾನೆ: “ಸಾರ್, ಹತ್ತು ಸಾವಿರ ಹೆಜ್ಜೆ ಆಗ್ಬೇಕು.” ಆ ಹತ್ತು ಸಾವಿರವನ್ನು ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಅದಕ್ಕೆ ಇಟ್ಟ ಹೆಸರು. ಅರವತ್ತು ವರ್ಷದ ಹಳೇ ಜಾಹೀರಾತನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಓಡಾಡ್ತಿದ್ದೀಯಲ್ಲೋ ಎಂದರೆ ಹುಡುಗನಿಗೆ ಸಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಅಷ್ಟೇ. ನಡಿಗೆಯ ನಂತರ ದರ್ಶಿನಿ ಮುಂದೆ ನಿಂತು ವಡೆ ತಿನ್ನುವ ನಿಮಿಷಗಳನ್ನು ಅದರಲ್ಲಿ ಸೇರಿಸುವಂತಿಲ್ಲ. ಸಾಹುಕಾರರಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ.

ಎರಡನೇ ಸುತ್ತಿಗೆ ಉಸಿರು ಗಿಡ್ಡವಾಗುತ್ತದೆ, ಬಡಾಯಿಗೆ ಗಾಳಿ ಸಾಲದು. ಆಗ ಗಾಲಿ ಮಾವ ನೀರಿನ ಮೇಲಿನ ಹೆಜ್ಜಾರ್ಲೆಯನ್ನು ನೋಡುತ್ತಾ, ಅದಕ್ಕೇ ಹೇಳುವವರ ಹಾಗೆ ಹೇಳುತ್ತಾರೆ: “ರಿಟೈರ್ ಆದ್ಮೇಲೆ ಮನೇಲಿ ನಾನೆಲ್ಲಿ ಕೂತ್ರೂ ಅಡ್ಡ ಕಣ್ರೀ.” ಯಾರೂ ಅವರ ಮುಖ ನೋಡುವುದಿಲ್ಲ. ನಾಲ್ಕು ಜೋಡಿ ಕಣ್ಣೂ ಹಕ್ಕಿಯ ಮೇಲೇ. ಇದೇ ಮಾತನ್ನು ಸೋಫಾದಲ್ಲಿ ಎದುರುಬದುರು ಕೂತು ಹೇಳಿ ಎಂದರೆ ಅವರು ಟಿವಿ ರಿಮೋಟ್ ಹುಡುಕುತ್ತಿದ್ದರು. ಪಕ್ಕಪಕ್ಕ ನಡೆಯುವಾಗ ಗಂಡಸಿಗೆ ಮುಖ ಮುಚ್ಚಿಕೊಳ್ಳುವ ಕಷ್ಟವಿಲ್ಲ. ಕಣ್ಣು ಒದ್ದೆಯಾದರೂ ಬೆವರು ಎನ್ನಬಹುದು. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಅಂತ ಗಾದೆ ಕಟ್ಟಿದ ಮಹಾಶಯ ಕೆರೆ ಏರಿಯ ಮೇಲೆ ಒಂದು ದಿನವೂ ನಡೆದವನಲ್ಲ.

ಸಾಹುಕಾರರು ಒಮ್ಮೆ ತಕರಾರು ತೆಗೆದರು: “ಮೈ ಬಗ್ಗಿಸಿದ್ರೆ ಮನಸ್ಸು ಹಗುರ ಆಗೋದಾದ್ರೆ, ನಮ್ಮ ಯಾರ್ಡಿನ ಹಮಾಲಿಗಳೆಲ್ಲ ಪರಮಹಂಸರಾಗಿರ್ಬೇಕಿತ್ತಲ್ಲ ಸ್ವಾಮಿ?” ಮಾತು ಸರಿ. ಹೊಟ್ಟೆಪಾಡಿಗೆ ಹೊರುವ ಮೂಟೆ ಬೇರೆ, ಇಷ್ಟಪಟ್ಟು ಎತ್ತುವ ಮುದ್ಗರ ಬೇರೆ. ನಮ್ಮ ಅಜ್ಜಂದಿರು ಗರಡಿ ಮನೆಗೆ ಹೋಗುತ್ತಿದ್ದುದು ತೋಳು ಬೆಳೆಸುವುದಕ್ಕಷ್ಟೇ ಅಂತ ನಾವು ತಿಳಿದಿದ್ದೇವೆ. ಸಾಮು ಮುಗಿಸಿ, ಮೈಗೆ ಮೆತ್ತಿದ ಕೆಮ್ಮಣ್ಣು ಉದುರಿಸುತ್ತಾ ಕೂತ ಹೊತ್ತಿನಲ್ಲಿ ಅವರು ಏನೇನು ಉದುರಿಸಿಕೊಂಡರೋ, ಅಜ್ಜಿಯರಿಗೂ ಗೊತ್ತಾಗಲಿಲ್ಲ.

ಬರೀ ನನ್ನ ಸಂಶೋಧನೆ ನಂಬದವರಿಗೆ: 2024ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 218 ಅಧ್ಯಯನಗಳನ್ನು, 14,170 ಜನರ ಲೆಕ್ಕವನ್ನು ಜರಡಿ ಹಿಡಿಯಿತು. ಖಿನ್ನತೆಗೆ ನಡಿಗೆ, ಓಟ, ಯೋಗ, ಭಾರ ಎತ್ತುವುದು ಎಲ್ಲವೂ ಒಳ್ಳೆಯದೇ ಎಂದಿತು. ತಮಾಷೆ ಏನೆಂದರೆ, ಭಾರ ಎತ್ತುವುದು ಹೆಂಗಸರಿಗೆ ಹೆಚ್ಚು ಒಗ್ಗಿತಂತೆ, ಯೋಗ ಗಂಡಸರಿಗೆ! ಓದಿ ಹೇಳಿದ ದಿನದಿಂದ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತುವ ಹೊಣೆ ಯಾರದು ಎಂಬ ಚರ್ಚೆ ನಡೆದಿದೆ.

ಹರಟೆ ಒಂದು ದಿನ ನಿಂತಿತು. ಹುಡುಗ ವಾಚ್ ನೋಡದೆ ನಡೆಯುತ್ತಿದ್ದ. “ಬೆಳಗ್ಗೆ ಏಳೋದೇ ಬೇಡ ಅನ್ಸತ್ತೆ ಸಾರ್” ಅಂದ. ದೇಶದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ 1,22,724 ಮಂದಿ ಗಂಡಸರು ಎಂದು ಓದಿದ್ದು ನೆನಪಾಗಿ ನನ್ನ ಕಾಲು ತಣ್ಣಗಾಯಿತು. ಕೆರೆ ಏರಿಯ ವೈದ್ಯರಾದ ನಾವು ಮೂವರೂ ಬಾಯಿ ಮುಚ್ಚಿಕೊಂಡೆವು. ಗಾಲಿ ಮಾವ ಮಾತ್ರ ತಮ್ಮ ಫೋನಿನಲ್ಲಿ 14416 ಒತ್ತಿ ಅವನ ಕೈಗಿಟ್ಟರು. ಅದು ಟೆಲಿ ಮನಸ್. 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಕೇಳಿಸಿಕೊಳ್ಳುವ ಸಹಾಯವಾಣಿ. ಬೆನ್ನಿಗೆ ನಮ್ಮ ನಿಮ್ಹಾನ್ಸ್ ಇದೆ. ಹುಡುಗ ನಡೆಯುತ್ತಲೇ ಮಾತಾಡಿದ. ನಾವು ಹತ್ತು ಮಾರು ಹಿಂದೆ, ಈರುಳ್ಳಿ ರೇಟನ್ನೂ ಎತ್ತದೆ, ಹಿಂಬಾಲಿಸಿದೆವು. ಈಗ ಅವನು ಡಾಕ್ಟರನ್ನೂ ನೋಡುತ್ತಾನೆ, ವಾಚನ್ನೂ ನೋಡುತ್ತಾನೆ. ಎರಡೂ ನಮಗೆ ಸಂತೋಷವೇ.

ಅವತ್ತು ಮನೆ ಸೇರಿದಾಗ ಒಂಬತ್ತು ದಾಟಿತ್ತು.

“ಯಾಕ್ರೀ ಇಷ್ಟೊತ್ತು?”

“ಏನಿಲ್ಲ. ಮೂರು ಸುತ್ತು ಹಾಕಿದ್ವಿ.”

ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದ ಕೈ ನಿಂತಿತು.

“ಮೂರಾ? ಯಾರಿಗೇನಾಯ್ತು?”